ಕೂಗಿದಾಗ ಗೈರು

ಬೀರಲಿಂಗನ ಮನೆಯ ಜಗಲಿಯ ಮೇಲೆ, ದೇವರ ಫೋಟೋದ ಮುಂದೆ, ಒಂದು ಹಿತ್ತಾಳೆಯ ಡಬ್ಬಿ. ಅದರ ತುಂಬ ಭಂಡಾರ, ಬೀರಪ್ಪದೇವರ ಹೆಸರಿನಲ್ಲಿ ಹಣೆಗೆ ಹಚ್ಚಿಕೊಳ್ಳುವ ಅರಿಶಿನದ ಪುಡಿ. ಆ ಪುಡಿಯೊಳಗೆ ಬೆರಳು ತೂರಿಸಿ, ಗುಳಿಗೆಯೊಂದನ್ನು ತಡಕಾಡಿ ತೆಗೆದು, ಊದಿ, ಬಾಯಿಗೆ ಹಾಕಿಕೊಂಡು ನೀರು ಕುಡಿಯುವುದು ಅವನಿಗೆ ಈಗ ಹಲ್ಲುಜ್ಜಿದಷ್ಟೇ ರೂಢಿಯಾಗಿತ್ತು. ಬಿಳಿಯ ಗುಳಿಗೆಗಳು ಭಂಡಾರದಲ್ಲಿ ಹೊರಳಾಡಿ ಹಳದಿಯಾಗಿದ್ದವು. ಹೆಸರಿದ್ದ ಹಾಳೆಯನ್ನು ಕಿತ್ತು ಒಲೆಗೆ ಹಾಕಿ ಗುಳಿಗೆಗಳನ್ನು ಹೀಗೆ ಬಚ್ಚಿಡುವ ಉಪಾಯ ಹೆಂಡತಿ ದುರ್ಗಾಳದು. "ದೇವರ ಡಬ್ಬಿಗೆ ಯಾರೂ ಕೈ ಹಾಕಂಗಿಲ್ಲ. ಕೇಳಿದ್ರ ಭಂಡಾರ ಬಾಯಾಗ ಹಾಕ್ಕೊಂಡ್ರು ಅಂತೇನಿ," ಎಂದಿದ್ದಳು. ಮುಚ್ಚಿಡಬೇಕಾದದ್ದನ್ನೆಲ್ಲ ಮನುಷ್ಯರು ದೇವರ ಬೆನ್ನ ಹಿಂದೆ ಇಡುವುದು ಹೊಸದೇನಲ್ಲ, ದೇವರಿಗೂ ರೂಢಿಯಾಗಿರಬೇಕು. ಇಂದು ಗುಳಿಗೆ ಇಳಿದ ಮೇಲೆ ಬೀರಲಿಂಗ ಸುಮ್ಮನೆ ಒಮ್ಮೆ "ಹೂಂ" ಎಂದು ನೋಡಿದ. ಧ್ವನಿ ಬಂತು. ಒಡೆಯಲಿಲ್ಲ, ಗಾಳಿಯಾಗಲಿಲ್ಲ, ಎದೆಯಿಂದ ಎದ್ದು ಬಂದು ಗೋಡೆಗೆ ತಾಗಿತು. ಒಲೆಯ ಮುಂದಿದ್ದ ದುರ್ಗಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಇಣುಕಿದಳು.

"ಕೇಳಿದ್ರ್ಯಾ? ಮೊದಲಿನಂಗ ಆಗೇತಿ. ಇವತ್ತ ಕೋರ್ಟಿನಾಗ ಗ್ವಾಡಿ ಬಿರಿಯೂ ಹಂಗ ಕೂಗ್ರಿ."

ಅವಳ ಕಣ್ಣು ತುಂಬಿತ್ತು. ಅವನಿಗೂ ಏನಾದರೂ ಆಗಬೇಕಿತ್ತು. ಅವನು ಕನ್ನಡಿಯಲ್ಲಿ ತುಟಿ ನೋಡಿಕೊಂಡ. ಗುಳಿಗೆ ಶುರುವಾದಾಗಿನಿಂದ ತುಟಿ ನೇರಳೆಹಣ್ಣು ತಿಂದವರ ಹಾಗೆ ನೀಲಿಗಟ್ಟುತ್ತಿತ್ತು. ಹಾಗಾಗುವುದುಂಟು, ಮೈಯಲ್ಲಿ ರಕ್ತ ಕಡಿಮೆಯಾಗದಂತೆ ಆಗಾಗ ತಪಾಸಣೆ ಮಾಡಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಬೇರೆ ದಿನವಾಗಿದ್ದರೆ ತುಟಿಯ ಬಗ್ಗೆಯಾದರೂ ಚಿಂತೆ ಮಾಡುತ್ತಿದ್ದ. ಇಂದು ಅವನಿಗೆ ಧ್ವನಿಯೇ ಬೇಡವಾಗಿತ್ತು. ನಿನ್ನೆ ಸಂಜೆ, ಇಂದು ನಡೆಯುವ ಪ್ರಕರಣಗಳ ಪಟ್ಟಿಯನ್ನು ಕೋರ್ಟಿನ ಬೋರ್ಡಿಗೆ ಅಂಟಿಸುವಾಗ, ಶಹಜಹಾನಬೇಗಂ ಎಂಬ ಹೆಸರು ಅದರಲ್ಲಿ ಕಂಡಿತ್ತು. ಆ ಹೆಸರನ್ನು ಇಂದು ಅವನೇ ಕೂಗಬೇಕು. ಗಟ್ಟಿಯಾಗಿ ಕೂಗಿದರೆ ಅವಳ ದಾವೆ ಕೆಡುತ್ತದೆ, ಮೆಲ್ಲಗೆ ಕೂಗಿದರೂ ಕೆಡುತ್ತದೆ. ಅಡಕತ್ತರಿಯೊಳಗಿನ ಅಡಕೆಯ ಹಾಗೆ ಸಿಕ್ಕಿಕೊಂಡವಳು ಅವಳು, ಕತ್ತರಿಯ ಹಿಡಿಕೆ ಮಾತ್ರ ತನ್ನ ಕೈಯಲ್ಲಿದೆ ಎಂದು ರಾತ್ರಿ ಮಲಗುವಾಗ ಅವನಿಗೆ ಅನ್ನಿಸಿತ್ತು. ಅನ್ನಿಸಿಯೂ ನಿದ್ದೆ ಬಂದಿತ್ತು. ಅದೇ ಅವನಿಗೆ ನಾಚಿಕೆ.

ಉಣಕಲ್ಲಿನಲ್ಲಿ ಧಾರವಾಡದ ಕಡೆಗಿನ ಚಿಗರಿ ಬಸ್ಸು ಹತ್ತಿದಾಗ ಕೂಡಲು ಜಾಗವಿರಲಿಲ್ಲ. ಗಾಜಿನ ಬಾಗಿಲಿಗೆ ಒರಗಿ ನಿಂತ. ಕೆರೆ ಹಿಂದೆ ಸರಿಯಿತು, ನೀರಿನ ಮೇಲೆ ಬಿಸಿಲು ಬಿದ್ದಿತ್ತು. ನೀರು ಕಂಡರೆ ಈಗ ಮೂಗು ತಾನಾಗಿ ಮುದುಡಿಕೊಳ್ಳುತ್ತದೆ. ಊರಿನ ಕೆರೆ ಇಷ್ಟು ದೊಡ್ಡದಲ್ಲ. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನೆಲ್ಲ ಅದರಲ್ಲಿಳಿಸಿ ಮೀಯಿಸಬೇಕು. ಗಂಡಸರು ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಿಂತು ಒಂದೊಂದು ಕುರಿಯನ್ನೂ ಕೈಯಿಂದ ಕೈಗೆ ದಾಟಿಸುತ್ತ ಮುಳುಗಿಸಿ ಉಜ್ಜುತ್ತಾರೆ. ನೀರು ಹಸುರಾಗಿ, ಕಂದಾಗಿ, ಕೊನೆಗೆ ಗಂಜಿಯ ಹಾಗಾಗುತ್ತದೆ. ಬೀರಲಿಂಗ ಕೋರ್ಟಿನ ಜವಾನನಾದ ಮೇಲೂ ಪ್ರತಿ ವರ್ಷ ರಜೆ ಹಾಕಿ ಹೋಗಿ ಆ ಸಾಲಿನಲ್ಲಿ ನಿಲ್ಲುತ್ತಿದ್ದ. ನಿಲ್ಲದಿದ್ದರೆ ಅಣ್ಣ ಕಲ್ಲೇಶ, "ಸರಕಾರಿ ಅನ್ನ ಉಂಡು ತಮ್ಮಗ ಕುರಿ ನಾರಾಕತ್ತೇತಿ," ಎಂದು ಊರ ಮುಂದೆ ನಗುತ್ತಿದ್ದ. ಹಾಗಾಗಿ ಉಳಿದವರಿಗಿಂತ ಹೆಚ್ಚಾಗಿಯೇ ಮುಳುಗುತ್ತಿದ್ದ, ಟಗರಿನ ಜೊತೆಗೆ ತಾನೂ ತಲೆ ಅದ್ದುತ್ತಿದ್ದ, ಮೂಗಿನಿಂದ ನೀರು ಚಿಮ್ಮಿಸುತ್ತ ಮೇಲೆದ್ದು, ದಡದಲ್ಲಿ ಚದುರಿದ ಹಿಂಡನ್ನು ಒಂದೇ ಕೂಗಿಗೆ ತಿರುಗಿಸುತ್ತಿದ್ದ. ಆ ಕೂಗು ಅವನಿಗೆ ಹುಟ್ಟಿನಿಂದ ಬಂದದ್ದು. ನೌಕರಿಗೆ ಸೇರಿದ ಹೊಸತರಲ್ಲಿ ಹಳೆಯ ಜಡ್ಜ್ ಸಾಹೇಬರೊಬ್ಬರು ಹೆಸರು ಕೂಗಿಸಿ ನೋಡಿ, "ಇವನನ್ನ ಬಾಗಿಲ ಬಿಟ್ಟು ಅಲುಗಾಡಿಸಬ್ಯಾಡ್ರಿ," ಎಂದಿದ್ದರು. ಅಂದಿನಿಂದ ಅವನು ಬಾಗಿಲಲ್ಲಿದ್ದ. ವಾದಿ, ಪ್ರತಿವಾದಿ, ಸಾಕ್ಷಿ, ಯಾರದೇ ಹೆಸರಾಗಲಿ, ಅವನ ಗಂಟಲು ದಾಟದೆ ಒಳಗೆ ಬರುವಂತಿರಲಿಲ್ಲ.

ಆ ಗಂಟಲು ಹೋದ ವರ್ಷ ಕೈಕೊಡತೊಡಗಿತು. ಮೊದಲು ಬೆಳಗಿನ ಹೊತ್ತು ಗೊರಗೊರ, ಆಮೇಲೆ ಇಡೀ ದಿನ. ಜ್ಯೇಷ್ಠಮಧು ಅಗಿದ, ಕಲ್ಲುಸಕ್ಕರೆ ಚೀಪಿದ, ಉಪ್ಪುನೀರು ಮುಕ್ಕಳಿಸಿದ. ಕೂಗುವ ಮುಂಚೆ ಬಾಗಿಲ ಚಿಲಕ ಬಡಿದು ಜನ ತನ್ನ ಕಡೆ ನೋಡುವಂತೆ ಮಾಡುವ ಉಪಾಯ ಕಲಿತ. ನೋಡಿದವರಿಗೆ ಬಾಯಿ ಅಲುಗಿದರೂ ಸಾಕು. ಒಳಗೆ ಸಾಹೇಬರಿಗೆ ಇದು ಗೊತ್ತಾಗುತ್ತಿರಲಿಲ್ಲ, ಜೊತೆಯ ಜವಾನ ಶಂಭುಲಿಂಗನಿಗೆ ಗೊತ್ತಾಗುತ್ತಿತ್ತೋ ಏನೋ. ಕೂಗಲಾರದವನನ್ನು ಹಳೆಯ ಕಾಗದಗಳ ಕೋಣೆಗೆ ಹಾಕುತ್ತಾರೆ, ಅಲ್ಲಿ ಧೂಳಿನ ಜೊತೆ ಮಾತಾಡಬೇಕು. ಬೀರಲಿಂಗನಿಗೆ ಅಲ್ಲಿಗೆ ಹೋಗುವುದೆಂದರೆ ಬದುಕಿದ್ದಾಗಲೇ ಮಣ್ಣು ಕೊಟ್ಟ ಹಾಗೆ. ಅಂಥ ದಿನಗಳಲ್ಲೊಂದು ದಿನ ಶಹಜಹಾನಬೇಗಂಳ ಹಳೆಯ ದಾವೆ ವಿಚಾರಣೆಗೆ ಬಂತು. ಹೊಲಿಗೆ ಮಾಡಿ ಬದುಕುವ ಹೆಂಗಸು. ಗಂಡ ತೀರಿದ ಮೇಲೆ ಮೈದುನ, ಮನೆಯ ಹಿಂಬದಿಯಲ್ಲಿ ಅವಳಿದ್ದ ಖೋಲಿಯನ್ನು ಕಸಿಯಲು ನೋಡಿದ್ದ. ಅವಳನ್ನು ಅಲ್ಲಿಂದ ಎಬ್ಬಿಸಕೂಡದೆಂದು ಕೋರ್ಟು ತಡೆ ಕೊಟ್ಟಿತ್ತು. ಅವತ್ತು ಅವಳ ಸಾಕ್ಷಿ. ಅವಳ ವಕೀಲ ವಿನೀತ, ಇನ್ನೂ ಎಳೆಯ ಹುಡುಗ, ಇನ್ನೊಂದು ಕೋರ್ಟಿನಲ್ಲಿ ಸಿಕ್ಕಿಕೊಂಡಿದ್ದ. ಬೀರಲಿಂಗ ಬಾಗಿಲಿಗೆ ಬಂದು ಬಾಯಿ ತೆರೆದ. ಶಹಜಹಾನಬೇಗಂ ಎಂಬ ಹೆಸರಿನಲ್ಲಿ ಅರ್ಧ ಬರೀ ಉಸಿರು. ಗಟ್ಟಿ ಗಂಟಲಿಗೇ ಅದನ್ನು ಎತ್ತಿ ಹಿಡಿಯುವುದು ಕಷ್ಟ, ಅವನ ಗಂಟಲಿನಿಂದ ಅದು ಒಲೆ ಊದಿದಂತೆ ಬಂತು.

ಅವಳು ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ, ಈ ಕಡೆಗೆ ಬೆನ್ನು ಹಾಕಿ ಕುಳಿತಿದ್ದಳು. ಕಪ್ಪು ಬುರ್ಖಾ, ಪಕ್ಕದಲ್ಲಿ ಹೂವಿನ ಚಿತ್ತಾರದ ಕೈಚೀಲ. ಅವನಿಗೆ ಅವಳು ಕಂಡಳು. ಎಷ್ಟೋ ವರ್ಷಗಳಿಂದ ಬರುತ್ತಿದ್ದ ಆ ಬೆನ್ನನ್ನು ಅವನು ಗುರುತಿಸದಿರುವುದು ಸಾಧ್ಯವೇ ಇರಲಿಲ್ಲ. ಮೆಟ್ಟಿಲಿಳಿದು ಹೋಗಿ, "ಅವ್ವಾರ, ನಿಮ್ಮ ಹೆಸರು ಬಂತು," ಎಂದಿದ್ದರೆ ಮುಗಿದಿತ್ತು. ಆದರೆ ಶಂಭುಲಿಂಗ ಕಂಬಕ್ಕೆ ಒರಗಿ ಇವನನ್ನೇ ನೋಡುತ್ತಿದ್ದ. ಕೂಗುವವನು ಮೆಟ್ಟಿಲಿಳಿದು ಹೋಗಿ ಕರೆದರೆ, ಕೂಗು ಸತ್ತಿದೆ ಎಂದು ತಾನೇ ಡಂಗುರ ಸಾರಿದ ಹಾಗೆ. ಬೀರಲಿಂಗ ಆ ಬೆನ್ನಿನ ಕಡೆಗೆ ಮುಖ ಮಾಡಿ, ಪದ್ಧತಿಯ ಪ್ರಕಾರ ಮೂರು ಸಲ, ಗಾಳಿಯನ್ನು ಹೊರಗೆ ಬಿಟ್ಟ. ಒಳಗೆ ಬಂದು, "ಇಲ್ರಿ," ಎಂದ. ಕೂಗಿದಾಗ ವಾದಿ ಗೈರು ಎಂದು ಸಾಹೇಬರು ಬರೆಸಿದರು, ದಾವೆ ವಜಾ ಆಯಿತು, ಅದರೊಂದಿಗೆ ತಡೆಯೂ ಹೋಯಿತು. ಎಷ್ಟು ಹೊತ್ತಿನ ಮೇಲೋ ಅವಳು ಎದ್ದು ಬಂದು, "ಅಣ್ಣಾರ, ನಂದು ಇನ್ನೂ ಬರಲಿಲ್ಲೇನ್ರಿ?" ಎಂದು ಕೇಳಿದಾಗ, "ಮೂರು ಸಲ ಕೂಗೇನ್ರಿ," ಎಂದ ಬೀರಲಿಂಗ. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆ ವಾರವೇ ಮೈದುನ ಅವಳ ಖೋಲಿಗೆ ಕೀಲಿ ಹಾಕಿದ, ಹೊಲಿಗೆಯ ಮಷಿನ್ನು ಒಳಗೇ ಉಳಿಯಿತು.

ನವನಗರದಲ್ಲಿ ಯಾರೋ ಇಳಿದು ಜಾಗ ಸಿಕ್ಕಿತು. ಕುಳಿತ ಮೇಲೆ ಬೀರಲಿಂಗ ಗಂಟಲನ್ನು ಎರಡು ಬೆರಳಿನಿಂದ ಹಿಡಿದು ನೋಡಿಕೊಂಡ. ಅದೊಂದು ಹೊಸ ಚಟ. ಅವಳ ದಾವೆ ಹೋದ ಸ್ವಲ್ಪ ದಿನಕ್ಕೆ ಉಗುಳಿನಲ್ಲಿ ರಕ್ತ ಕಂಡು ದುರ್ಗಾ ಅವನನ್ನು ದವಾಖಾನೆಗೆ ಎಳೆದುಕೊಂಡು ಹೋಗಿದ್ದಳು. ಡಾಕ್ಟರ್ ಚಿನ್ಮಯೀ, ಧಾರವಾಡದ ಮಾಳಮಡ್ಡಿಯ ಹಾಡುವವರ ಮನೆತನದ ಹೆಣ್ಣುಮಗಳು, ಗಂಟಲಿಗೆ ಏನನ್ನೋ ಸಿಂಪಡಿಸಿ, "ಈಗ ಮರಗಟ್ತದ, ಹೆದರಬ್ಯಾಡ್ರಿ," ಎಂದಿದ್ದರು. ನಾಲಿಗೆ, ಕಿರುನಾಲಿಗೆ, ಗಂಟಲು ಎಲ್ಲವೂ ಬೇರೆ ಯಾರದೋ ಆದವು. ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ಧ್ವನಿಯ ಪಟ್ಟಿಯ ಪಕ್ಕದಲ್ಲಿ ಕೆಂಪು ಗಡ್ಡೆ, ಅದರ ಮೇಲೆ ರವೆ ಚೆಲ್ಲಿದಂತೆ ಬಿಳಿಚುಕ್ಕೆ.

"ಹಾಡ್ತೀರೇನು?"

"ಇಲ್ರಿ, ಕೂಗ್ತೇನಿ."

"ಕೆರಿ ನೀರಾಗ ಇಳೀತೀರಿ?"

ಅವನು ಕುರಿ ಮೀಯಿಸುವುದನ್ನು ಹೇಳಿದ. ಅವರು ನಗಲಿಲ್ಲ. ಇದು ಕ್ಯಾನ್ಸರಲ್ಲ, ಹುಳವೂ ಅಲ್ಲ, ಬೂಷ್ಟೂ ಅಲ್ಲ, ನಿಂತ ನೀರಿನಲ್ಲಿರುವ ಒಂದು ಪರೋಪಜೀವಿ ಎಂದರು. ಮೂಗಿನೊಳಗೆ ಹೊಕ್ಕು ಮನೆ ಮಾಡುತ್ತದೆ, ಗಂಟಲಿಗೆ ಇಳಿಯುವುದು ಅಪರೂಪ. "ಕತ್ತರಿಸಿ ಬುಡ ಸುಡ್ತೇವಿ. ಆದ್ರ ಬೀಜ ಉಳದಿರ್ತದ. ಅದು ಮತ್ತ ಬೆಳೀಬಾರದಂತ ಗುಳಿಗಿ. ತಿಂಗಳುಗಟ್ಟಲೆ ತಗೋಬೇಕು, ತಪ್ಪಿಸಬಾರದು. ನಿಮಗ ಹೊಂದ್ತದೋ ಇಲ್ಲೋ ಅಂತ ಮೊದಲ ರಕ್ತ ನೋಡೋಣು." ಎಲ್ಲವೂ ಹಾಗೆಯೇ ನಡೆಯಿತು. ರಜೆಯ ಅರ್ಜಿಯಲ್ಲಿ ಹರ್ನಿಯಾ ಎಂದು ಬರೆದ. ಗುಳಿಗೆ ತರಲು ಮನೆಯ ಹತ್ತಿರದ ಔಷಧಿ ಅಂಗಡಿಗೆ ಹೋದಾಗ ಅಂಗಡಿಯವನು ಚೀಟಿ ನೋಡಿ, ಊರಿಗೆಲ್ಲ ಕೇಳುವ ಧ್ವನಿಯಲ್ಲಿ, "ಇದು ಕುಷ್ಠದ ಗುಳಿಗಿ ಅಲ್ಲೇನ್ರಿ? ಯಾರಿಗೆ?" ಎಂದ. ಪಕ್ಕದಲ್ಲಿದ್ದ ಹೆಂಗಸು ಕಂಕುಳಿನ ಕೂಸನ್ನು ಈ ಬದಿಯಿಂದ ಆ ಬದಿಗೆ ಬದಲಿಸಿದಳು. ಇದನ್ನು ಬೇರೆ ರೋಗಕ್ಕೂ ಕೊಡುತ್ತಾರೆಂದು ಡಾಕ್ಟರು ಹೇಳಿಕಳಿಸಿದ್ದರು, ಅದನ್ನೇ ಹೇಳಬಹುದಿತ್ತು. ಬೀರಲಿಂಗ ಉಳಿದಿದ್ದ ಪಿಸುಮಾತಿನಲ್ಲಿ, "ನಮ್ಮ ಸಾಹೇಬ್ರ ಮನಿ ಆಳಿಗೆ," ಎಂದ. ಇಲ್ಲದ ಆಳೊಬ್ಬನಿಗೆ ಕುಷ್ಠ ಹಚ್ಚಿ ಮನೆಗೆ ಬಂದ. ಅಂದಿನಿಂದ ಅವನು ಗುಳಿಗೆ ಕೊಳ್ಳುವುದು ಧಾರವಾಡದಲ್ಲಿ, ಪರಿಚಯವಿಲ್ಲದ ಓಣಿಯಲ್ಲಿ. ಕಲ್ಲೇಶನಿಗೆ ಮಾತ್ರ ನಿಜ ಹೇಳಿದ್ದ. ಕಲ್ಲೇಶ ಕೇಳಿ, "ನಾವೂ ಅದ ನೀರಾಗ ಮುಳುಗೇವಿ. ನಮಗ ಆಗಲಿಲ್ಲ, ನಿನಗ್ಯಾಕ ಆತು?" ಎಂದು ಅನುಮಾನದಿಂದ ನೋಡಿದ್ದ, ತಮ್ಮ ಏನೋ ತಿನ್ನಬಾರದ್ದನ್ನು ತಿಂದಿದ್ದಾನೆ ಎನ್ನುವಂತೆ.

ಸಿಂಪಡಿಸಿದ ಔಷಧಿಯಿಂದ ಮರಗಟ್ಟಿದ್ದು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ ಎಂದಿದ್ದರು. ಗಂಟಲಿನಿಂದ ಇಳಿಯಿತು ನಿಜ. ಇಳಿದದ್ದು ಎಲ್ಲಿ ಹೋಗಿ ಕುಳಿತಿತೋ ಯಾರೂ ಕೊಳವೆ ಹಾಕಿ ನೋಡಲಿಲ್ಲ. ಆಪರೇಶನ್ ಆದ ಮೇಲೆ ತುಟಿ ಪಿಟಕ್ಕೆನ್ನಬಾರದು ಎಂದು ಡಾಕ್ಟರು ಅಪ್ಪಣೆ ಮಾಡಿದರು. ಅಂಥ ಸುಖದ ದಿನಗಳನ್ನು ಬೀರಲಿಂಗ ಕಂಡಿರಲಿಲ್ಲ. ಯಾರು ಏನು ಕೇಳಿದರೂ ಗಂಟಲು ತೋರಿಸಿ ಕೈಯಾಡಿಸಿದರೆ ಮುಗಿಯಿತು. ಆ ಮೌನದಲ್ಲಿಯೇ ಒಂದು ದಿನ, ಮರುತಪಾಸಣೆಗೆ ದವಾಖಾನೆಯ ಬೆಂಚಿನ ಮೇಲೆ ಕುಳಿತಿದ್ದಾಗ, ಹೂವಿನ ಕೈಚೀಲ ಬಂದು ಪಕ್ಕದಲ್ಲಿ ಕುಳಿತಿತು.

"ಅಣ್ಣಾರ, ನೀವು ಕೋರ್ಟಿನವರಲ್ಲೇನ್ರಿ?" ಎಂದಳು ಶಹಜಹಾನಬೇಗಂ, ಪರದೇಶದಲ್ಲಿ ನೆಂಟರು ಸಿಕ್ಕಷ್ಟು ಸಂತೋಷದಿಂದ. "ನನ್ನ ಕಿವಿ ಹ್ವಾದ್ವು ನೋಡ್ರಿ. ನೀವು ಮೂರು ಸಲ ಕೂಗಿದ್ರಿ, ನನಗ ಒಂದೂ ಕೇಳಲಿಲ್ಲ. ಮನ್ಯಾಗ ಎಲ್ಲಾ ಕೇಳತೈತ್ರಿ. ಕುಕ್ಕರ್ ಸೀಟಿ ಕೇಳತೈತಿ, ಅಜಾನ್ ಕೇಳತೈತಿ. ನನ್ನ ಹೆಸರು ಒಂದ ಕೇಳಲಿಲ್ಲ. ವಕೀಲರು ಅಂದ್ರು, ಕಿವಿ ಮಂದ ಅಂತ ಸರ್ಟಿಫಿಕೇಟ್ ತಂದ್ರ ದಾವೆ ಮತ್ತ ಹಚ್ಚಬಹುದಂತ. ಅದಕ್ಕ ಬಂದೇನಿ."

ಬೀರಲಿಂಗ ಗಂಟಲು ತೋರಿಸಿ ಕೈಯಾಡಿಸಿದ. "ಮಾತಾಡಬಾರದೇನ್ರಿ? ಬ್ಯಾಡ್ರಿ, ಬ್ಯಾಡ್ರಿ," ಎಂದು ಅವಳೇ ಗಾಬರಿಯಾಗಿ ಅವನ ಕೈ ಕೆಳಗಿಳಿಸಿದಳು. ಆಮೇಲೆ ಚೀಲದಿಂದ ಖರ್ಜೂರ ತೆಗೆದು ಕೊಟ್ಟಳು, ಗಂಟಲಿಗೆ ಛಲೋ ಎಂದಳು. ಅವನು ತಿಂದ. ಅವಳನ್ನು ಒಳಗೆ ಕರೆದು ಕಿವಿಗೆ ಯಂತ್ರ ಹಚ್ಚಿ ನೋಡಿದರು. ಹೊರಗೆ ಬಂದಾಗ ಅವಳ ಮುಖ ಸಣ್ಣದಾಗಿತ್ತು. "ಕಿವಿ ಛಲೋ ಅದಾವಂತ್ರಿ," ಎಂದಳು. ಜಗತ್ತಿನಲ್ಲಿ ಯಾರೂ ಆ ಮಾತನ್ನು ಅಷ್ಟು ದುಃಖದಿಂದ ಹೇಳಿರಲಾರರು. ಕಿಸೆಯಲ್ಲಿ ಪೆನ್ನಿತ್ತು, ಡಾಕ್ಟರು ಕೊಟ್ಟ ಚೀಟಿಯ ಹಿಂಬದಿ ಖಾಲಿಯಿತ್ತು. ಬೀರಲಿಂಗ ಖರ್ಜೂರದ ಬೀಜವನ್ನು ಬಾಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸುತ್ತ ಕುಳಿತ. ದಾವೆಯನ್ನು ಮತ್ತೆ ಹಚ್ಚಬೇಕೆಂದು, ಇಂದು ವಿಚಾರಣೆಗೆ ಬಂದಿರುವ ಅರ್ಜಿಯನ್ನು ಸರ್ಟಿಫಿಕೇಟ್ ಇಲ್ಲದೆಯೇ ವಿನೀತ ಹಾಕಿದ, ಅವಳಿಗೆ ಕಿವಿ ಮಂದವೆಂದು ಅವಳಿಂದಲೇ ಪ್ರಮಾಣ ಮಾಡಿಸಿದ. ತಾನು ಅವತ್ತು ಬೇರೆ ಕೋರ್ಟಿನಲ್ಲಿದ್ದದ್ದನ್ನು ಅರ್ಜಿಯಲ್ಲಿ ಹೆಚ್ಚು ಹೇಳಲಿಲ್ಲ. ತಪ್ಪನ್ನು ಎಲ್ಲರೂ ಸೇರಿ ಎತ್ತಿ ಅವಳ ಕಿವಿಯೊಳಗೆ ಹಾಕಿದ್ದರು.

ಕೋರ್ಟಿನ ಆವರಣದಲ್ಲಿ ಶಂಭುಲಿಂಗ ಚಹಾ ಹಿಡಿದು ಕಾಯುತ್ತಿದ್ದ. ಒಂದೇ ಕಪ್ಪು, ಅರ್ಧ ಬಸಿಗೆ ಸುರಿದುಕೊಂಡು ಉಳಿದದ್ದನ್ನು ಬೀರಲಿಂಗನಿಗೆ ಕೊಡುವುದು ಹಳೆಯ ರೂಢಿ. "ತುಟಿ ನೋಡು ಹೆಂಗ ಕಪ್ಪಾಗ್ಯಾವ. ಬೀಡಿ ಹಚ್ಚೀಯೇನಲೇ, ಹರ್ನಿಯಾ ಆದ ಮ್ಯಾಲೆ?" ಎಂದ. ಬೀರಲಿಂಗ ನಕ್ಕ. ಕಪ್ಪಿನ ಅಂಚನ್ನು ನೋಡಿದ. ಕುಷ್ಠದ ಗುಳಿಗೆ ನುಂಗುವವನ ಎಂಜಲು ಎಂದು ಗೊತ್ತಾದರೆ ಈ ಕಪ್ಪು ನಾಳೆಯಿಂದ ಎರಡಾಗುತ್ತದೆ, ಆಮೇಲೆ ಶಂಭುಲಿಂಗನಿಗೆ ಚಹಾದ ಹೊತ್ತಿನಲ್ಲೇ ಏನಾದರೂ ಕೆಲಸ ಬರುತ್ತದೆ. ಈ ಲೆಕ್ಕಾಚಾರ ಅವನ ತಲೆಯಲ್ಲಿ ಎಷ್ಟು ಸಲ ನಡೆದಿತ್ತೆಂದರೆ ಈಗ ಅದರಲ್ಲಿ ನೋವೂ ಇರಲಿಲ್ಲ.

ಶಹಜಹಾನಬೇಗಂ ಬೆಳಿಗ್ಗೆಯೇ ಬಂದಿದ್ದಳು. ಈ ಸಲ ತಪ್ಪಬಾರದೆಂದು ಒಳಗೆ, ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಮುದುಡಿ ಕುಳಿತಿದ್ದಳು. ಆದರೆ ಪೊಲೀಸರು ಕೈದಿಗಳನ್ನು ಕರೆತಂದು ಆ ಬೆಂಚನ್ನು ತುಂಬಿಸಿದರು. ಶಂಭುಲಿಂಗ, "ಹೊರಗ ಕುಂದರ್ರಿ, ಹೆಸರು ಕೂಗ್ತಾರ," ಎಂದು ಅವಳನ್ನು ಎಬ್ಬಿಸಿದ. ಅವಳು ಹೊರಗೆ ಬಂದು ಬೀರಲಿಂಗನ ಮುಂದೆ ನಿಂತಳು.

"ಅಣ್ಣಾರ, ಗಂಟಲು ಆರಾಮಾತೇನ್ರಿ?"

"ಆಗೇತ್ರಿ."

ಅವಳು ಕಣ್ಣರಳಿಸಿದಳು. "ಧ್ವನಿ ಎಷ್ಟ ಛಲೋ ಬಂದೈತಿ. ಇವತ್ತ ಸ್ವಲ್ಪ ಜೋರ ಕೂಗ್ರಿ, ಅಣ್ಣಾರ. ನನ್ನ ಕಿವಿ ಭರೋಸಾ ಇಲ್ಲ." ಹೀಗೆ ಹೇಳಿ ಅದೇ ಬೇವಿನ ಮರದ ಕೆಳಗೆ, ಅದೇ ಕಟ್ಟೆಯ ಮೇಲೆ ಹೋಗಿ ಕುಳಿತಳು. ಬೇರೆಲ್ಲಿಯೂ ನೆರಳಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ ಬೆಂಚ್ ಕ್ಲಾರ್ಕು ಕಾಗದದ ಕಟ್ಟು ಬಿಚ್ಚಿ ಅವಳ ಹೆಸರು ಹೇಳಿದ. ವಿನೀತ ಇಂದು ಹೊತ್ತಿಗೆ ಸರಿಯಾಗಿ ಬಂದು ನಿಂತಿದ್ದ. ಮೈದುನನ ಕಡೆಯ ಹಿರಿಯ ವಕೀಲರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಬೀರಲಿಂಗ ಬಾಗಿಲಿಗೆ ಹೋದ. ಚಿಲಕ ಬಡಿಯಲಿಲ್ಲ. ಹೋಗಿ ಕರೆದು ತರೋಣವೇ ಎಂದುಕೊಂಡ. ಅವತ್ತು ಇಳಿಯದ ಮೆಟ್ಟಿಲನ್ನು ಇಂದು ಇಳಿದರೆ ಏನಾಗುತ್ತದೆ? ಅಷ್ಟರಲ್ಲಿ ಬಾಯಿ ತೆರೆದಾಗಿತ್ತು. ಇಷ್ಟು ವರ್ಷ ಬಾಗಿಲಲ್ಲಿ ನಿಂತ ಕಾಲು, ಅದೇ ಕತ್ತು, ಗುಳಿಗೆ ಉಳಿಸಿಕೊಟ್ಟ ಅದೇ ಗಂಟಲು. ಅವನನ್ನು ಕೇಳದೆಯೇ ಅವು ತಮ್ಮ ಕೆಲಸ ಮಾಡಿಬಿಟ್ಟವು.

"ಶಹಜಹಾನಬೇಗಂ... ಹಾಜರ್ ಅದಾರೇನ್ರೀ..."

ಉದ್ದಕ್ಕೆ ಹೋಯಿತು. ಪಡಸಾಲೆ ದಾಟಿ, ವಕೀಲರ ಮೋಟರ್‌ಸೈಕಲ್ಲುಗಳ ಸಾಲು ದಾಟಿ ಬೇವಿನ ಮರಕ್ಕೆ ಮುಟ್ಟಿತು. ಕೊಂಬೆಯ ಕಾಗೆಯೊಂದು ಎದ್ದಿತು. ಅದಕ್ಕಿಂತ ಮೊದಲು ಅವಳು ಎದ್ದಿದ್ದಳು. ಕೈಚೀಲ ಅವಚಿಕೊಂಡು, ಬುರ್ಖಾದ ಅಂಚು ಎತ್ತಿಕೊಂಡು, ಓಡಿ ಬಂದಳು. "ಕೇಳಿಸ್ತ್ರಿ, ಅಣ್ಣಾರ. ಒಮ್ಮೆಲೇ ಕೇಳಿಸ್ತು," ಎಂದು ಏದುಸಿರಿನಲ್ಲಿ ನಗುತ್ತ ಅವನ ಪಕ್ಕದಿಂದ ಒಳಗೆ ಹೋದಳು. ಎರಡನೆಯ ಸಲ ಕೂಗುವ ಅಗತ್ಯವೇ ಬೀಳಲಿಲ್ಲ.

ಹಿರಿಯ ವಕೀಲರು ಕನ್ನಡಕ ಹಾಕಿಕೊಂಡು ಎದ್ದರು. ಅವರಿಗೆ ಅವಸರವಿರಲಿಲ್ಲ. "ಸ್ವಾಮಿ, ಕಿವಿ ಕೇಳೂದಿಲ್ಲ ಅಂತ ಪ್ರಮಾಣ ಮಾಡ್ಯಾರ. ಈಗ ಬೇವಿನ ಗಿಡದ ಬುಡದಿಂದ ಒಂದ ಕೂಗಿಗೆ ಎದ್ದು ಬಂದಾರ. ನಾ ಬ್ಯಾರೆ ಏನೂ ವಾದ ಮಾಡೂದಿಲ್ಲ," ಎಂದು ಕುಳಿತರು. ವಿನೀತ ಎದ್ದು, "ಸ್ವಾಮಿ, ಕಿವಿಯೊಳಗ ಒಂದೊಂದ ದಿನ..." ಎಂದು ಶುರುಮಾಡಿ ಕಾಗದ ತಿರುವಿದ. ಸಾಹೇಬರು ಮೈಸೂರಿನ ಕಡೆಯವರು, ಎಲ್ಲರನ್ನೂ ಮೆತ್ತಗೆ ಮಾತಾಡಿಸುವವರು.

"ಏನಮ್ಮಾ, ಕಿವಿ ಸರಿಯಾಗಿ ಕೇಳಿಸೋದಿಲ್ಲ ಅಂತ ಹೇಳಿದೀರಿ. ಈಗ ಅಷ್ಟು ದೂರದಿಂದ ಹೇಗೆ ಕೇಳಿಸ್ತು?"

"ಇವತ್ತ ಕೇಳಿಸ್ತ್ರಿ, ಸಾಹೇಬ್ರ," ಎಂದಳು ಅವಳು. ಅವಳ ಮುಖದ ಮೇಲೆ ಓಡಿ ಬಂದ ಸಂತೋಷ ಇನ್ನೂ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. "ಅವತ್ತ ಕೇಳಲಿಲ್ರಿ. ನಾ ಇಲ್ಲೇ ಇದ್ದೆ, ಖರೇನ ಕೇಳಲಿಲ್ಲ."

ಸಾಹೇಬರು ನಿಟ್ಟುಸಿರುಬಿಟ್ಟು ಪೆನ್ನಿನ ಮುಚ್ಚಳ ತೆಗೆದರು. ಆ ಸಣ್ಣ ಶಬ್ದ ಬೀರಲಿಂಗನಿಗೆ ಕೇಳಿಸಿತು. ಇಷ್ಟು ವರ್ಷ ಅವನು ಆ ಬಾಗಿಲಲ್ಲಿ ಊರಿನವರ ಹೆಸರನ್ನೆಲ್ಲ ಕೂಗಿದ್ದ, ತನ್ನದೆಂದು ಒಂದು ಮಾತನ್ನು ಒಳಗಡೆಗೆ ಮುಖ ಮಾಡಿ ಆಡಿದವನಲ್ಲ. ಬೆಳಗಿನ ಅರಿಶಿನದ ಒಗರು ನಾಲಿಗೆಗೆ ಬಂತು.

"ಸಾಹೇಬ್ರ, ಅವರ ಕಿವಿ ಛಲೋ ಅದಾವ್ರಿ."

ಎಲ್ಲರೂ ತಿರುಗಿದರು. ಅವಳೂ ತಿರುಗಿದಳು, ಇವನೂ ತನ್ನ ವಿರುದ್ಧ ಹೇಳುತ್ತಿದ್ದಾನೆಂಬ ದಿಗಿಲಿನಿಂದ.

"ಅವತ್ತ ನನ್ನ ಧ್ವನಿ ಹೊಂಡಲಿಲ್ರಿ. ಬಾಯಷ್ಟ ಅಲುಗಿತ್ತು, ಗಾಳಿ ಬಂತು. ಗಂಟಲಾಗ ಗಡ್ಡಿ ಆಗಿತ್ರಿ, ಕೆರಿ ನೀರಿಂದ. ಆಪರೇಶನ್ ಮಾಡಿಸ್ಕೊಂಡೇನಿ. ಹರ್ನಿಯಾ ಅಲ್ರಿ ಅದು."

"ಈಗ ಧ್ವನಿ ಸರಿ ಇದೆಯಲ್ಲ?" ಎಂದರು ಸಾಹೇಬರು.

"ಗುಳಿಗಿ ನಡದಾವ್ರಿ. ಕುಷ್ಠಕ್ಕ ಕೊಡ್ತಾರಲ್ರಿ, ಅದ ಗುಳಿಗಿ."

ಹೇಳಬೇಕಾಗಿರಲಿಲ್ಲ, ಗುಳಿಗೆಯ ಹೆಸರನ್ನು ಯಾರೂ ಕೇಳಿರಲಿಲ್ಲ. ಬೆಂಚಿನ ತುದಿಯಲ್ಲಿದ್ದ ಪೊಲೀಸಪ್ಪ ತನ್ನ ಮೊಣಕೈಯನ್ನು ಒಳಕ್ಕೆಳೆದುಕೊಂಡ. ಶಂಭುಲಿಂಗ ಕಂಬದ ಹತ್ತಿರ ತನ್ನ ತುಟಿ ಮುಟ್ಟಿ ನೋಡಿಕೊಂಡ. ಹಿರಿಯ ವಕೀಲರು ಎದ್ದು, "ಬಾಗಲಾಗ ನಿಂತ ಜವಾನ ಹೇಳಿದ್ದನ್ನ ಸಾಕ್ಷಿ ಅನ್ನಲಿಕ್ಕೆ ಬರೂದಿಲ್ಲ, ಸ್ವಾಮಿ," ಎಂದರು. "ಹಾಗಾದರೆ ಕಟಕಟೆಗೆ ಬಂದು ಪ್ರಮಾಣ ಮಾಡಿ ಹೇಳಲಿ. ನೀವು ಪಾಟೀಸವಾಲು ಮಾಡಿ," ಎಂದರು ಸಾಹೇಬರು, ಕ್ಲಾರ್ಕಿನ ಕಡೆ ತಿರುಗಿ, "ಸಾಕ್ಷಿಯನ್ನ ಕೂಗಿಸಿ," ಎಂದರು. ಕ್ಲಾರ್ಕು ಅಭ್ಯಾಸದಂತೆ ಬೀರಲಿಂಗನ ಮುಖ ನೋಡಿದ. ಬೀರಲಿಂಗನೂ ಅಭ್ಯಾಸದಂತೆ ತಲೆಯಾಡಿಸಿ ಬಾಗಿಲಿಗೆ ಹೋದ. ಒಳಗೆ ಯಾರೋ ಕಿಸಕ್ಕೆಂದರು. ಸಾಹೇಬರು ತಡೆಯಲಿಲ್ಲ. ಪದ್ಧತಿ ಪದ್ಧತಿಯೇ.

"ಬೀರಲಿಂಗ ಸಿದ್ದಪ್ಪ ಡೊಳ್ಳಿನ... ಹಾಜರ್ ಅದಾರೇನ್ರೀ..."

ಮರದ ಕೆಳಗಿನವರು ತಲೆಯೆತ್ತಿ ಸುತ್ತ ನೋಡಿದರು. ಅದು ಯಾರ ಹೆಸರೆಂದು ಆವರಣದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ಸಲ ಕೂಗಿದಾಗ ಒಬ್ಬ ಮುದುಕ, ಬಾರದವನನ್ನು ಹುಡುಕಲು ಸಹಾಯ ಮಾಡುವಂತೆ, ಎದ್ದು ನಿಂತು ಗೇಟಿನ ಕಡೆ ನೋಡಿದ. ಕಟ್ಟೆ ಖಾಲಿಯಾಗಿತ್ತು. ಅವಳು ಕುಳಿತಿದ್ದ ಜಾಗ ಈ ಬಾಗಿಲಿನಿಂದ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ, ಕಟ್ಟೆಯ ಬಿರುಕು ಕೂಡ ಕಾಣುತ್ತದೆ. ಮೂರನೆಯ ಸಲ ಬಾಯಿ ತೆರೆದಾಗ ಹೆಸರು ಅರ್ಧಕ್ಕೆ ಒಡೆದು ಬರೀ ಉಸಿರು ಬಂತು. ಗಡ್ಡೆ ಮತ್ತೆ ಬೆಳೆಯಿತೋ, ಗಂಟಲು ತುಂಬಿ ಬಂದದ್ದೋ, ಅವನಿಗೆ ತಿಳಿಯಲಿಲ್ಲ. ಎಷ್ಟೋ ತಿಂಗಳ ಮೇಲೆ ಎದೆಯಲ್ಲಿ ಏನೋ ನೋಯುತ್ತಿತ್ತು.

ಆ ಉಸಿರು ಹೊರಗೆ ಯಾರಿಗೂ ಕೇಳಿಸಲಿಲ್ಲ. ಬಾಗಿಲ ಒಳಮಗ್ಗುಲಲ್ಲಿದ್ದ ಶಹಜಹಾನಬೇಗಂಳಿಗೆ ಕೇಳಿಸಿತು. ಅವಳು ಒಂದು ಹೆಜ್ಜೆ ಮುಂದೆ ಬಂದು, ಬಾರದವರನ್ನು ಕರೆಯುವಂತೆ, ಅವನ ತೋಳು ಮುಟ್ಟಿದಳು.

"ಬರ್ರಿ, ಅಣ್ಣಾರ. ನಿಮ್ಮ ಹೆಸರು ಕೂಗ್ಯಾರ."

ಅವಳ ಮುಖದಲ್ಲಿ ಕೃತಜ್ಞತೆಯಲ್ಲದೆ ಬೇರೇನೂ ಇರಲಿಲ್ಲ. ಅವತ್ತು ಬೇವಿನ ಮರದ ಕೆಳಗೆ ಅವಳು ತನಗೆ ಕಾಣುತ್ತಿದ್ದಳೆಂಬುದನ್ನು ಅವನಿನ್ನೂ ಹೇಳಿರಲಿಲ್ಲ. ಅದನ್ನು ಹೇಳಲು ಬೀರಲಿಂಗ ಒಳಗೆ ಹೋದ.